ಮರಿಯಮ್ ಬವಾರ್ದಿ

ಸಂತ ಮರಿಯಮ್ ಬವಾರ್ದಿ (ಜನನ: 1846ರ ಜನವರಿ 5, ಮರಣ: 1878ರ ಆಗಸ್ಟ್ 26) ಗಲಿಲಾಯ ಪ್ರಾಂತ್ಯದಲ್ಲಿ ಹುಟ್ಟಿದ ಅರಬ್ ಕ್ರೈಸ್ತ ಸಂನ್ಯಾಸಿನಿ. ಕಾರ್ಮೆಲ್ ಸಭೆಯಲ್ಲಿ ಅವರ ಹೆಸರು ಶಿಲುಬೆಗೇರಿದ ಯೇಸುವಿನ ಮರಿಯ. ಫ್ರಾನ್ಸಿನ ಜನರು ಅವರನ್ನು ಪುಟ್ಟ ಅರಬಳೆಂದು ಕರೆಯುತ್ತಿದ್ದರು. ಭಾರತದ ಮೊದಲ ಕಾರ್ಮೆಲ್ ಕನ್ಯಾಮಠವನ್ನು ಮಂಗಳೂರಿನಲ್ಲಿ ಸ್ಥಾಪಿಸಲು 1870ರಲ್ಲಿ ಹೊರಟ ತಂಡದಲ್ಲಿ ಅವರಿದ್ದರು. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತಸ್ವೀಕಾರ ಮಾಡಿದರು. ಮರುವರ್ಷ ತಮ್ಮ ಆಧ್ಯಾತ್ಮಿಕ ಅನುಭವಗಳ ಬಗ್ಗೆ ಹುಟ್ಟಿದ ಸಂಶಯದಿಂದಾಗಿ ಫ್ರಾನ್ಸಿಗೆ ಮರಳಬೇಕಾಯಿತು. ಬಳಿಕ ಬೇತ್ಲೆಹೇಮಿನ ಕಾರ್ಮೆಲ್ ಮಠವನ್ನು ಕಟ್ಟಿಸಿದರು. ಹೃದಯವನ್ನೂ ಆಲೋಚನೆಗಳನ್ನೂ ಕಾಯ್ದುಕೊಳ್ಳುವ ಪ್ರಾಚೀನ ಕ್ರೈಸ್ತ ತಪಸ್ಸಿನ ಪರಂಪರೆಗೆ ಹತ್ತೊಂಬತ್ತನೆಯ ಶತಮಾನದ ಉದಾಹರಣೆಯಾಗಿ ಅವರ ಬದುಕನ್ನು ನೋಡಬಹುದು. 2015ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಜನನ ಮತ್ತು ಬಾಲ್ಯ

ಮರಿಯಮ್ ಹುಟ್ಟಿದ್ದು ನಜರೇತಿಗೂ ಹೈಫಾ ನಗರಕ್ಕೂ ನಡುವೆ ಇರುವ ಇಬಿಲ್ಲಿನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಆಗ ಆ ಪ್ರದೇಶ ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಗಿರಿಯಸ್ ಬವಾರ್ದಿ, ತಾಯಿ ಮರಿಯಮ್ ಶಾಹೀನ್. ತಂದೆ ಕೋವಿಮದ್ದು ತಯಾರಿಸುವ ಕಸುಬಿನವರು. ಕುಟುಂಬವು ಮೆಲ್ಕೈಟ್ ಗ್ರೀಕ್ ಕಥೋಲಿಕ ಪರಂಪರೆಗೆ ಸೇರಿದ್ದು, ಬಡತನದ ನಡುವೆಯೂ ಭಕ್ತಿಗೆ ಹೆಸರಾಗಿತ್ತು.

ದಂಪತಿಗೆ ಹುಟ್ಟಿದ ಹನ್ನೆರಡು ಗಂಡುಮಕ್ಕಳು ಒಬ್ಬರ ಹಿಂದೊಬ್ಬರಂತೆ ಎಳವೆಯಲ್ಲಿಯೇ ತೀರಿಕೊಂಡಿದ್ದರು. ಹೆಣ್ಣುಮಗು ಬೇಕೆಂದು ಹರಕೆ ಹೊತ್ತು ಇಬ್ಬರೂ ಸುಮಾರು 170 ಕಿಲೋಮೀಟರ್ ದೂರದ ಬೇತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋದರು. ಆ ಬಳಿಕ ಹುಟ್ಟಿದ ಮಗಳಿಗೆ ಯೇಸುವಿನ ತಾಯಿಯ ಹೆಸರನ್ನೇ ಇಟ್ಟರು. ಮುಂದಿನ ವರ್ಷ ಬೂಲಸ್ ಎಂಬ ತಮ್ಮ ಹುಟ್ಟಿದ. ಮರಿಯಮ್‌ಗೆ ಮೂರು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ತಾಯಿಯೂ ಇಲ್ಲವಾದರು. ತಮ್ಮನನ್ನು ಚಿಕ್ಕಮ್ಮನ ಮನೆಯವರು ಕರೆದುಕೊಂಡು ಹೋದರು. ಮರಿಯಮ್ ತಂದೆಯ ಸಹೋದರನ ಮನೆಯಲ್ಲಿ ಬೆಳೆದರು. ಅಕ್ಕತಮ್ಮಂದಿರು ಮತ್ತೆ ಒಂದೇ ಮನೆಯಲ್ಲಿ ಬಾಳಲಿಲ್ಲ.

ಬಾಲ್ಯದ ಒಂದು ಘಟನೆಯನ್ನು ಎಲ್ಲ ಜೀವನಚರಿತ್ರೆಗಳೂ ಹೇಳುತ್ತವೆ. ಎರಡು ಪುಟ್ಟ ಹಕ್ಕಿಗಳಿಗೆ ಸ್ನಾನ ಮಾಡಿಸಲು ಹೋದಾಗ ಅವು ಕೈಯಲ್ಲಿಯೇ ಸತ್ತವು. ಅಳುತ್ತಾ ಅವನ್ನು ಮಣ್ಣುಮಾಡುತ್ತಿದ್ದ ಹುಡುಗಿಗೆ, ಎಲ್ಲವೂ ಹೀಗೆಯೇ ಕಳೆದುಹೋಗುತ್ತದೆ, ಹೃದಯವನ್ನು ನನಗೆ ಕೊಟ್ಟರೆ ನಾನು ಎಂದೆಂದಿಗೂ ಜೊತೆಗಿರುತ್ತೇನೆ ಎಂಬ ಅರ್ಥದ ಮಾತು ತನ್ನೊಳಗೆ ಕೇಳಿಸಿತಂತೆ. ಈ ಮಾತು ಬದುಕಿನುದ್ದಕ್ಕೂ ಅವರ ಜೊತೆಗೆ ಬಂತು.

ಅಲೆಕ್ಸಾಂಡ್ರಿಯ

ಮರಿಯಮ್‌ಗೆ ಸುಮಾರು ಎಂಟು ವರ್ಷವಾಗಿದ್ದಾಗ ದೊಡ್ಡಪ್ಪನ ಕುಟುಂಬವು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ವಲಸೆ ಹೋಯಿತು. ಹನ್ನೆರಡು ದಾಟುವ ಹೊತ್ತಿಗೆ, ಆ ಕಾಲದ ವಾಡಿಕೆಯಂತೆ, ಮನೆಯ ಹಿರಿಯರು ಮದುವೆ ನಿಶ್ಚಯಿಸಿದರು. ತನ್ನ ಒಪ್ಪಿಗೆ ಕೇಳದೆ ನಡೆದ ಈ ಏರ್ಪಾಡನ್ನು ಹುಡುಗಿ ಒಪ್ಪಲಿಲ್ಲ. ದೇವರಿಗಾಗಿಯೇ ಬದುಕುವುದಾಗಿ ನಿರ್ಧರಿಸಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಸಿಟ್ಟಾದ ದೊಡ್ಡಪ್ಪ ಆಕೆಯನ್ನು ಅಡುಗೆಮನೆಯ ಆಳುಗಳಿಗಿಂತಲೂ ಕೆಳಗಿನ ಸ್ಥಿತಿಗೆ ಇಳಿಸಿದರು.

ನಜರೇತಿನ ಕಡೆ ಇದ್ದ ತಮ್ಮನಿಗೆ ಒಂದು ಪತ್ರ ತಲುಪಿಸಬೇಕೆಂದು 1858ರ ಸೆಪ್ಟೆಂಬರ್‌ನಲ್ಲಿ ಮರಿಯಮ್ ಮನೆಯ ಹಳೆಯ ಸೇವಕನೊಬ್ಬನ ಬಳಿಗೆ ಹೋದರು. ಅವರೇ ಮುಂದೆ ತಿಳಿಸಿದ ಪ್ರಕಾರ, ಆತ ಇಸ್ಲಾಂ ಸ್ವೀಕರಿಸುವಂತೆ ಒತ್ತಾಯಿಸಿದ. ಆಕೆ ಒಪ್ಪದಿದ್ದಾಗ ಕತ್ತಿಯಿಂದ ಕುತ್ತಿಗೆ ಸೀಳಿ, ಸತ್ತಳೆಂದು ತಿಳಿದು ಓಣಿಯೊಂದರಲ್ಲಿ ಎಸೆದುಹೋದ. ಪ್ರಜ್ಞೆ ಬಂದಾಗ ತಾವು ಒಂದು ಗುಹೆಯಲ್ಲಿದ್ದುದಾಗಿಯೂ, ನೀಲಿ ಉಡುಪಿನ ಸಂನ್ಯಾಸಿನಿಯೊಬ್ಬರು ಗಾಯಕ್ಕೆ ಹೊಲಿಗೆ ಹಾಕಿ ಸುಮಾರು ಒಂದು ತಿಂಗಳು ಆರೈಕೆ ಮಾಡಿದುದಾಗಿಯೂ ಅವರು ಹೇಳಿದ್ದಾರೆ. ಆ ಸಂನ್ಯಾಸಿನಿ ಕನ್ಯಾ ಮರಿಯಮ್ಮನವರೇ ಎಂಬುದು ಅವರ ನಂಬಿಕೆಯಾಗಿತ್ತು. ಕುತ್ತಿಗೆಯ ಮೇಲಿನ ದೊಡ್ಡ ಗಾಯದ ಕಲೆ ಕೊನೆಯವರೆಗೂ ಉಳಿದಿತ್ತು. ಗಾಯದ ಪರಿಣಾಮವಾಗಿ ಧ್ವನಿಯೂ ಒಡೆದಿತ್ತು.

ಮನೆಗೆಲಸದ ವರ್ಷಗಳು

ಅಲ್ಲಿಂದ ಮುಂದೆ ಮರಿಯಮ್ ದೊಡ್ಡಪ್ಪನ ಮನೆಗೆ ಮರಳಲಿಲ್ಲ. ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್ ನಗರಗಳಲ್ಲಿ ಕ್ರೈಸ್ತ ಕುಟುಂಬಗಳ ಮನೆಗೆಲಸ ಮಾಡಿ ಬದುಕಿದರು. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಸ್ಥಳದ ದೇವಾಲಯದಲ್ಲಿ ಆಜನ್ಮ ಬ್ರಹ್ಮಚರ್ಯದ ವ್ರತ ತೊಟ್ಟರು. 1863ರಲ್ಲಿ ಒಂದು ಸಿರಿಯನ್ ಕುಟುಂಬದ ಅಡುಗೆಯವರಾಗಿ ಫ್ರಾನ್ಸಿನ ಬಂದರು ನಗರ ಮಾರ್ಸೇಲ್‌ಗೆ ಬಂದರು.

1865ರಲ್ಲಿ ಮಾರ್ಸೇಲ್‌ನ ಸಂತ ಜೋಸೆಫರ ದರ್ಶನ ಸಭೆಯ ಭಗಿನಿಯರು ಅವರನ್ನು ದೀಕ್ಷಾರ್ಥಿಯಾಗಿ ಸೇರಿಸಿಕೊಂಡರು. ಅಲ್ಲಿ ಅವರಿಗೆ ಭಾವಪರವಶತೆ ಉಂಟಾಗುತ್ತಿತ್ತು. ಕೈಕಾಲುಗಳಲ್ಲಿ ಶಿಲುಬೆಯ ಪಂಚಗಾಯಗಳ ಗುರುತು ಕಾಣಿಸಿಕೊಂಡವೆಂದು ಜೊತೆಯವರು ದಾಖಲಿಸಿದ್ದಾರೆ. ಇಂತಹ ಅಸಾಧಾರಣ ಸಂಗತಿಗಳು ದುಡಿಮೆ, ಸೇವೆಗಳಿಗೆ ಮೀಸಲಾದ ಸಭೆಗೆ ಹೊಂದುವುದಿಲ್ಲವೆಂದು ಭಗಿನಿಯರಲ್ಲಿ ಹೆಚ್ಚಿನವರು ಭಾವಿಸಿದರು. ಎರಡು ವರ್ಷಗಳ ತರಬೇತಿಯ ಕೊನೆಗೆ ಮರಿಯಮ್‌ಗೆ ಅಲ್ಲಿ ಉಳಿಯಲು ಅವಕಾಶ ಸಿಗಲಿಲ್ಲ.

ಆಗ ನೆರವಿಗೆ ಬಂದವರು ಅದೇ ಸಭೆಯಲ್ಲಿದ್ದ ಮದರ್ ವೆರೋನಿಕಾ. ಇಂಗ್ಲಿಷ್ ಮೂಲದ ಇವರ ಪೂರ್ವದ ಹೆಸರು ಸೋಫಿ ಲೀವ್ಸ್. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಅವರು ಬಳಿಕ ಕಥೋಲಿಕರಾಗಿದ್ದರು. ಪೋ ನಗರದ ಕಾರ್ಮೆಲ್ ಮಠಕ್ಕೆ ತಾವು ಸೇರಲು ಹೊರಟಾಗ ಮರಿಯಮ್ ಅವರನ್ನೂ ಜೊತೆಗೆ ಕರೆದೊಯ್ದರು. 1867ರ ಜೂನ್‌ನಲ್ಲಿ ಇಬ್ಬರೂ ಪೋ ಮಠವನ್ನು ಪ್ರವೇಶಿಸಿದರು.

ಹೃದಯದ ಕಾವಲು: ಪರಂಪರೆಯ ಹಿನ್ನೆಲೆ

ಮರಿಯಮ್ ಅವರ ಮುಂದಿನ ಬದುಕನ್ನು ತಿಳಿಯಲು ಅವರು ಸೇರಿದ ಪರಂಪರೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಹೃದಯವನ್ನು ಎಲ್ಲಕ್ಕಿಂತ ಹೆಚ್ಚು ಜಾಗರೂಕತೆಯಿಂದ ಕಾಯಬೇಕೆಂಬ ಉಪದೇಶ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯದಲ್ಲಿಯೇ ಇದೆ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ತಪಸ್ವಿಗಳು ಈ ಉಪದೇಶವನ್ನು ಒಂದು ಸಾಧನಾಕ್ರಮವಾಗಿ ಬೆಳೆಸಿದರು. ಅವರಲ್ಲಿ ಒಬ್ಬರಾದ ಎವಾಗ್ರಿಯಸ್ (ಮರಣ: 399) ಸಾಧಕನನ್ನು ಕೆಡಿಸುವ ಆಲೋಚನೆಗಳನ್ನು ಎಂಟಾಗಿ ವಿಂಗಡಿಸಿದರು. ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಸಾಧನೆಯಲ್ಲಿ ಬೇಸರ, ಕೀರ್ತಿಯ ಆಸೆ ಮತ್ತು ಅಹಂಕಾರ ಇವೇ ಆ ಎಂಟು. ಕೆಟ್ಟ ಆಲೋಚನೆ ಮನಸ್ಸಿನ ಬಾಗಿಲಿಗೆ ಬರುವುದನ್ನು ಯಾರೂ ತಡೆಯಲಾರರು. ಅದನ್ನು ಒಳಗೆ ಕರೆದು ಕೂರಿಸುವುದೋ ಬಿಡುವುದೋ ಎಂಬುದು ಸಾಧಕನ ಕೈಯಲ್ಲಿದೆ ಎಂಬುದು ಈ ಉಪದೇಶದ ತಿರುಳು. ಬಾಗಿಲಲ್ಲಿ ನಿಂತು ನೋಡುವ ಈ ಎಚ್ಚರಕ್ಕೆ ಗ್ರೀಕ್ ಭಾಷೆಯಲ್ಲಿ ನೆಪ್ಸಿಸ್ ಎಂಬ ಹೆಸರಿದೆ. ಮನಸ್ಸಿನ ಚಂಚಲತೆಯನ್ನು ಕೋತಿಗೆ ಹೋಲಿಸುವ ಪರಿಪಾಠವುಳ್ಳ ಕನ್ನಡದ ಭಕ್ತಿ ಸಾಹಿತ್ಯವನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವೇನಲ್ಲ.

ಎವಾಗ್ರಿಯಸ್ ಅವರ ಉಪದೇಶದಲ್ಲಿ ಎರಡು ಅಂಶಗಳು ಮುಖ್ಯ. ಉಳಿದ ಆಲೋಚನೆಗಳನ್ನು ಗೆದ್ದವನನ್ನೇ ಕೀರ್ತಿಯ ಆಸೆಯೂ ಅಹಂಕಾರವೂ ಹಿಡಿಯುತ್ತವೆ ಎಂಬುದು ಮೊದಲನೆಯದು. ದರ್ಶನಗಳನ್ನು ನಂಬಿ ಮೋಸಹೋಗುವ ಅಪಾಯ ಎರಡನೆಯದು. ಆದ್ದರಿಂದ ಮರುಭೂಮಿಯ ಹಿರಿಯರು ಒಂದು ನಿಯಮವನ್ನು ಬಿಡದೆ ಪಾಲಿಸಿದರು. ತನ್ನ ಮನಸ್ಸಿನಲ್ಲಿ ಮೂಡುವುದನ್ನು ಸಾಧಕನು ತಾನೇ ತೀರ್ಮಾನಿಸದೆ, ಅನುಭವಿಯಾದ ಹಿರಿಯರಿಗೆ ಬಿಚ್ಚಿ ಹೇಳಬೇಕು. ಮುಚ್ಚಿಟ್ಟ ಆಲೋಚನೆ ಬಲಿಯುತ್ತದೆ, ಹೇಳಿಕೊಂಡದ್ದು ಬಲಗುಂದುತ್ತದೆ ಎಂಬುದು ಅವರ ಅನುಭವವಾಗಿತ್ತು. ಜಾನ್ ಕ್ಯಾಸಿಯನ್ ಎಂಬ ಸಂನ್ಯಾಸಿ ಈಜಿಪ್ಟಿನಲ್ಲಿ ಈ ಕ್ರಮವನ್ನು ಕಲಿತು, ಐದನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಯೂರೋಪಿಗೆ ತಂದರು. ಅವರು ಮಠಗಳನ್ನು ಕಟ್ಟಿದ್ದು ಮಾರ್ಸೇಲ್‌ನಲ್ಲಿ.

ಕಾರ್ಮೆಲ್ ಸಭೆಯೂ ಇದೇ ಪರಂಪರೆಯ ಕವಲು. ಇಬಿಲ್ಲಿನ್‌ಗೆ ಸಮೀಪದಲ್ಲಿಯೇ ಇರುವ ಕಾರ್ಮೆಲ್ ಬೆಟ್ಟದ ಗುಹೆಗಳಲ್ಲಿ ವಾಸಿಸುತ್ತಿದ್ದ ಏಕಾಂತವಾಸಿಗಳಿಗೆ ಜೆರುಸಲೇಮಿನ ಧರ್ಮಪಿತ ಆಲ್ಬರ್ಟ್ 1206 ಮತ್ತು 1214ರ ನಡುವೆ ಒಂದು ಕಿರು ನಿಯಮಾವಳಿಯನ್ನು ಬರೆದುಕೊಟ್ಟರು. ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿದ್ದು ಹಗಲಿರುಳು ದೇವವಾಕ್ಯವನ್ನು ಧ್ಯಾನಿಸಬೇಕು, ಮೌನ ಪಾಲಿಸಬೇಕು, ಕೈಕೆಲಸ ಮಾಡಬೇಕು ಎಂದು ಅದು ವಿಧಿಸುತ್ತದೆ. ಸಾಧಕನು ತೊಡಬೇಕಾದ ಆಧ್ಯಾತ್ಮಿಕ ಆಯುಧಗಳನ್ನು ವಿವರಿಸುವಾಗ, ಎದೆಗೆ ಪವಿತ್ರ ಆಲೋಚನೆಗಳೇ ಕವಚವೆಂದು ಹೇಳುತ್ತದೆ. ಸ್ಪೇನಿನ ಆವಿಲಾದ ಸಂತ ತೆರೇಸಾ 1562ರಲ್ಲಿ ಆರಂಭಿಸಿದ ಸುಧಾರಣೆಯ ಬಳಿಕ, ಕಾರ್ಮೆಲ್‌ನ ಕನ್ಯಾಮಠಗಳು ಸಣ್ಣ ಸಂಖ್ಯೆಯ ಸಂನ್ಯಾಸಿನಿಯರು ಹೊರಜಗತ್ತಿಗೆ ಬರದೆ ಬಾಳುವ ಮಠಗಳಾದವು. ಪೋ ಮಠವೂ ಅಂಥದ್ದು.

ಪೋ ಮಠದಲ್ಲಿ

1867ರ ಜುಲೈ 27ರಂದು ಮರಿಯಮ್ ಕಾರ್ಮೆಲ್ ಉಡುಪನ್ನು ಧರಿಸಿದರು. ಅವರ ತಾಯಿನುಡಿ ಅರಬಿ. ಫ್ರೆಂಚ್ ಅಷ್ಟಿಷ್ಟು ಬರುತ್ತಿತ್ತು. ಓದುಬರಹ ಇಲ್ಲವೆಂಬಷ್ಟು ಕಡಿಮೆ. ಲ್ಯಾಟಿನ್ ಪ್ರಾರ್ಥನೆಗಳನ್ನು ಓದುವುದು ಅವರಿಗೆ ಕಷ್ಟವಾದ್ದರಿಂದ, ಅಡುಗೆ, ಒಗೆತ, ತೋಟದ ಕೆಲಸಗಳನ್ನು ನೋಡಿಕೊಳ್ಳುವ ಸಹಾಯಕ ಭಗಿನಿಯರ ಸಾಲಿಗೆ ಸೇರಿದರು. ತಮ್ಮನ್ನು ತಾವು ಏನೂ ಅಲ್ಲದ ಪುಟ್ಟವಳೆಂದು ಕರೆದುಕೊಳ್ಳುವುದು ಅವರ ರೂಢಿ.

ಇಲ್ಲಿಯೂ ಭಾವಪರವಶತೆ ಮುಂದುವರಿಯಿತು. ಅದಕ್ಕೆ ವಿರುದ್ಧವಾದ ಅನುಭವಗಳೂ ಬಂದವು. 1868ರಲ್ಲಿ ನಲವತ್ತು ದಿನಗಳ ಕಾಲ ಅವರು ದುಷ್ಟಶಕ್ತಿಯ ಹಿಡಿತದಲ್ಲಿ ಇದ್ದಂತೆ ಕಂಡರೆಂದು ಮಠದವರು ಬರೆದಿಟ್ಟಿದ್ದಾರೆ. ಹೇಗಾದರೂ ಮಾಡಿ ಆಕೆಯ ಬಾಯಿಂದ ದೇವರ ವಿರುದ್ಧ ಒಂದು ದೂರು ಹೊರಡಿಸುವುದೇ ಆ ಹೋರಾಟದ ಗುರಿಯಾಗಿತ್ತು, ಆದರೆ ದೂರು ಹೊರಡಲಿಲ್ಲ ಎಂಬುದು ಜೀವನಚರಿತ್ರಕಾರರ ನಿರೂಪಣೆ. ಇಂದಿನ ಓದುಗರಲ್ಲಿ ಕೆಲವರು ಇದನ್ನು ಮಾನಸಿಕ ಯಾತನೆಯೆಂದು ಅರ್ಥೈಸಬಹುದು. ಹೇಗೆ ಅರ್ಥೈಸಿದರೂ, ಆ ಕಾಲದ ಬರಹಗಳಲ್ಲಿ ಅಚ್ಚರಿಯ ಸಂಗತಿಗಳಿಗಿಂತ ಮರಿಯಮ್ ಅವರ ವಿಧೇಯತೆಗೆ ಹೆಚ್ಚು ಮಹತ್ವ ದೊರೆತಿರುವುದು ಗಮನಾರ್ಹ. ತಮಗಾದ ಅನುಭವಗಳನ್ನು ಅವರು ದೊಡ್ಡದೆಂದು ಭಾವಿಸಲಿಲ್ಲ. ಕೆಲವೊಮ್ಮೆ ಭಾವಪರವಶತೆಯನ್ನು ನಿದ್ರೆ ಬಂದುದೆಂದೇ ತಿಳಿದು ನಾಚಿಕೊಳ್ಳುತ್ತಿದ್ದರು. ಎಲ್ಲವನ್ನೂ ಹಿರಿಯರಿಗೆ ಹೇಳಿಕೊಂಡು ಅವರ ತೀರ್ಮಾನಕ್ಕೆ ಬಿಟ್ಟುಬಿಡುತ್ತಿದ್ದರು.

ಮಂಗಳೂರಿನಲ್ಲಿ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೆನರಾ ಕರಾವಳಿಯ ಕಥೋಲಿಕರ ಧಾರ್ಮಿಕ ಆಡಳಿತ ಕಾರ್ಮೆಲ್ ಸಭೆಯ ಪಾದ್ರಿಗಳ ಕೈಯಲ್ಲಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲ್ಪಟ್ಟು, 1799ರ ಬಳಿಕ ಮರಳಿ ಬಂದು ನೆಲೆಕಂಡ ಕೊಂಕಣಿ ಮಾತಾಡುವ ಸಮುದಾಯ ಅದು. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಫ್ರೆಂಚ್ ಕಾರ್ಮೆಲೈಟ್ ಮರಿ ಎಫ್ರೆಮ್ ಗಾರೆಲೊನ್ ಅವರಿಗೆ ಎರಡು ಆಸೆಗಳಿದ್ದವು. ಹೆಣ್ಣುಮಕ್ಕಳಿಗೆ ಶಿಕ್ಷಣ ನೀಡುವ ಭಗಿನಿಯರು ಬೇಕು, ಜೊತೆಗೆ ಪ್ರಾರ್ಥನೆಗೆ ಮೀಸಲಾದ ಕನ್ಯಾಮಠವೂ ಬೇಕು. ಮೊದಲನೆಯದಕ್ಕಾಗಿ ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಎರಡನೆಯದಕ್ಕಾಗಿ ಪೋ ಮಠದಿಂದ ಸಂನ್ಯಾಸಿನಿಯರ ತಂಡ ಸಿದ್ಧವಾಯಿತು. ಇನ್ನೂ ದೀಕ್ಷಾರ್ಥಿಯಾಗಿದ್ದ ಮರಿಯಮ್ ಅದರಲ್ಲಿ ಒಬ್ಬರಾದರು.

ತಂಡ 1870ರ ಆಗಸ್ಟ್‌ನಲ್ಲಿ ಹೊರಟಿತು. ಆಗ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ನಡೆಯುತ್ತಿತ್ತು. ಬೇಸಗೆಯ ತುದಿಯಲ್ಲಿ ಕೆಂಪು ಸಮುದ್ರದ ಮಾರ್ಗವಾಗಿ ಸಾಗಿದ ಪ್ರಯಾಣ ಸಂನ್ಯಾಸಿನಿಯರಿಗೆ ದುಬಾರಿಯಾಯಿತು. ಮಂಗಳೂರು ತಲುಪುವ ಮುನ್ನವೇ ಮೂವರು ತೀರಿಕೊಂಡರು. ಆ ಕೊರತೆಯನ್ನು ತುಂಬಲು ಫ್ರಾನ್ಸಿನಿಂದ ಬೇರೆಯವರನ್ನು ಕಳುಹಿಸಬೇಕಾಯಿತು. ಅಪೋಸ್ತಲಿಕ ಕಾರ್ಮೆಲ್‌ನ ಮೊದಲ ಮೂವರು ಭಗಿನಿಯರು ನವೆಂಬರ್ 19ರಂದು ಮಂಗಳೂರಿಗೆ ಬಂದರು. ವರ್ಷದ ಕೊನೆಯ ಹೊತ್ತಿಗೆ ಕನ್ಯಾಮಠದಲ್ಲಿ ನಿಯಮಬದ್ಧ ಜೀವನ ಆರಂಭವಾಯಿತು.

ಹೊಸ ಮಠದಲ್ಲಿ ಭಾರವಾದ ಕೆಲಸಗಳು ಮರಿಯಮ್ ಅವರ ಪಾಲಿಗೆ ಬಂದವು. ಭಾಷೆ, ಹವೆ, ಆಹಾರ ಎಲ್ಲವೂ ಹೊಸದು. ಅಡುಗೆಮನೆಯಲ್ಲಿ ದುಡಿಯುತ್ತಿರುವಾಗಲೂ ಅವರ ಮುಖ ಬೆಳಗುತ್ತಿದ್ದುದನ್ನು ಕಂಡವರಿದ್ದರು. 1871ರ ನವೆಂಬರ್ 21ರಂದು, ಕನ್ಯಾ ಮರಿಯಮ್ಮನವರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಅವರು ವ್ರತಸ್ವೀಕಾರ ಮಾಡಿದರು. ಭಾರತದ ನೆಲದಲ್ಲಿ ಕಾರ್ಮೆಲ್ ಸಂನ್ಯಾಸಿನಿಯೊಬ್ಬರು ಮಾಡಿದ ಮೊದಲ ವ್ರತಸ್ವೀಕಾರ ಇದು.

ಆದರೆ ಈ ಹೊತ್ತಿಗೆ ಮಠದೊಳಗೆ ಬಿಕ್ಕಟ್ಟು ಬೆಳೆದಿತ್ತು. ಪೋದಲ್ಲಿ ಕಂಡಂತಹ ಹೋರಾಟಗಳು ಮಂಗಳೂರಿನಲ್ಲಿಯೂ ಮರುಕಳಿಸಿದ್ದವು. ಹೊರಗಿನಿಂದ ನೋಡುವವರಿಗೆ ಅವರು ದುಷ್ಟಶಕ್ತಿಗೆ ವಶವಾದಂತೆ ಕಾಣುತ್ತಿದ್ದರು. ಭಾವಪರವಶತೆಗಳು ದೇವರಿಂದ ಬಂದವೋ, ಕಲ್ಪನೆಯೋ, ಸೈತಾನನ ಮೋಸವೋ ಎಂಬ ಪ್ರಶ್ನೆ ಎದ್ದಿತು. ಧರ್ಮಾಧ್ಯಕ್ಷರೂ ಮಠದ ಹಿರಿಯರೂ ಸಂಶಯದ ಕಡೆಗೆ ವಾಲಿದರು. ಇದನ್ನು ಅವರ ಕೇಡುಬುದ್ಧಿಯೆಂದು ತಿಳಿಯಬೇಕಾಗಿಲ್ಲ. ದರ್ಶನಗಳನ್ನು ಸುಲಭವಾಗಿ ನಂಬಬಾರದೆಂಬುದು ಕಾರ್ಮೆಲ್ ಪರಂಪರೆಯದೇ ಬೋಧನೆ. ಆವಿಲಾದ ತೆರೇಸಾ ಅವರೂ ಒಂದು ಕಾಲದಲ್ಲಿ ಇಂತಹ ಸಂಶಯಕ್ಕೆ ಗುರಿಯಾಗಿದ್ದರು.

ಮರಿಯಮ್ ಅವರ ಪರೀಕ್ಷೆ ಬೇರೆ ಬಗೆಯದಾಗಿತ್ತು. ಆಲೋಚನೆಗಳನ್ನು ಹಿರಿಯರಿಗೆ ಒಪ್ಪಿಸುವುದೇ ಹೃದಯದ ಕಾವಲೆಂದು ಅವರು ಕಲಿತಿದ್ದರು. ಈಗ ಯಾರಿಗೆ ಒಪ್ಪಿಸಬೇಕೋ ಅವರೇ ನಂಬದ ಸ್ಥಿತಿ ಬಂದಿತ್ತು. ಹಿರಿಯರ ಮಾತನ್ನು ಒಪ್ಪಿದರೆ ತನ್ನೊಳಗಿನದೆಲ್ಲ ಸುಳ್ಳೆನ್ನಬೇಕು. ಒಪ್ಪದಿದ್ದರೆ ವಿಧೇಯತೆಯ ವ್ರತ ಮುರಿಯುತ್ತದೆ. ತನ್ನ ಅನುಭವ ನಿಜವೆಂದು ಸಾಧಿಸಹೊರಟರೆ ಕೀರ್ತಿಯ ಆಸೆಗೂ, ಅನ್ಯಾಯವಾಯಿತೆಂದು ಕೊರಗಿದರೆ ದುಃಖಕ್ಕೂ ಕೋಪಕ್ಕೂ ಬಾಗಿಲು ತೆರೆದಂತಾಗುತ್ತದೆ. ಎವಾಗ್ರಿಯಸ್ ಹೆಸರಿಸಿದ ಶತ್ರುಗಳಲ್ಲಿ ಹಲವು ಒಟ್ಟಿಗೆ ಬಂದು ನಿಂತ ಸಂದರ್ಭವಿದು. ಮಠವಾಸದ ಬದುಕಿನಲ್ಲಿ ಇದಕ್ಕಿಂತ ಕಠಿಣವಾದ ಇಕ್ಕಟ್ಟು ಅಪರೂಪ.

1872ರಲ್ಲಿ ಮರಿಯಮ್ ಅವರನ್ನು ಪೋಗೆ ಹಿಂದಕ್ಕೆ ಕಳುಹಿಸಲಾಯಿತು. ಅವರು ಆಜ್ಞೆಯನ್ನು ಪಾಲಿಸಿ, ಎರಡು ವರ್ಷಗಳ ಹಿಂದೆ ಬಂದ ಸಮುದ್ರಮಾರ್ಗದಲ್ಲಿ ಮರಳಿದರು. ಧರ್ಮಾಧ್ಯಕ್ಷ ಮರಿ ಎಫ್ರೆಮ್ 1873ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಮರಳಿ ಪೋ ಮಠಕ್ಕೆ

ಪೋ ಮಠದವರು ಮರಿಯಮ್ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಅವರು ಮತ್ತೆ ಸಹಾಯಕ ಭಗಿನಿಯ ದಿನಚರಿಗೆ ಮರಳಿದರು. 1873 ಮತ್ತು 1874ರಲ್ಲಿ ಭಾವಪರವಶರಾದ ಅವರು ಮಠದ ತೋಟದ ಮರದ ತುದಿಯಲ್ಲಿ ಕಾಣಿಸಿಕೊಂಡರೆಂದು, ಮುಖ್ಯಸ್ಥೆ ವಿಧೇಯತೆಯ ಹೆಸರಿನಲ್ಲಿ ಕರೆದಾಗ ಇಳಿದುಬಂದರೆಂದು ಭಗಿನಿಯರು ಹೇಳಿದ್ದಾರೆ. ಈ ನಿರೂಪಣೆಗಳಲ್ಲಿಯೂ ಕೊನೆಯ ಮಾತು ವಿಧೇಯತೆಯದೇ. ಮಂಗಳೂರಿನಲ್ಲಿ ವಿಧೇಯತೆಯೇ ಅವರಿಗೆ ನೋವು ತಂದಿತ್ತು. ಆದರೂ ಅದನ್ನು ಅವರು ಕೈಬಿಡಲಿಲ್ಲ ಎಂಬುದನ್ನು ಇವು ತೋರಿಸುತ್ತವೆ.

ಬೇತ್ಲೆಹೇಮ್ ಮತ್ತು ಕೊನೆಯ ದಿನಗಳು

ಬೇತ್ಲೆಹೇಮಿನಲ್ಲಿ ಕಾರ್ಮೆಲ್ ಮಠವನ್ನು ಕಟ್ಟಬೇಕೆಂಬ ಆಸೆಯನ್ನು ಮರಿಯಮ್ ಹಿರಿಯರ ಮುಂದಿಟ್ಟಿದ್ದರು. ಪೋ ನಗರದ ಶ್ರೀಮಂತ ಮಹಿಳೆ ಬೆರ್ತ್ ದಾರ್ತಿಗೋ ಇದರ ವೆಚ್ಚವನ್ನು ವಹಿಸಿಕೊಂಡರು. 1875ರ ಆಗಸ್ಟ್‌ನಲ್ಲಿ ಹೊರಟ ಸಂನ್ಯಾಸಿನಿಯರ ತಂಡ ಸೆಪ್ಟೆಂಬರ್‌ನಲ್ಲಿ ಪವಿತ್ರ ನಾಡನ್ನು ತಲುಪಿತು. ಕಟ್ಟಡದ ಸ್ವರೂಪವನ್ನು ಸೂಚಿಸಿದವರೂ ಮರಿಯಮ್, ಕೆಲಸದ ಮೇಲ್ವಿಚಾರಣೆ ನೋಡಿದವರೂ ಅವರೇ. ಅರಬಿ ಬಲ್ಲ ಸಂನ್ಯಾಸಿನಿಯಾಗಿದ್ದುದರಿಂದ ಕೂಲಿಯಾಳುಗಳೊಡನೆ ಮಾತಾಡುವ ಹೊಣೆಯೂ ಅವರದಾಗಿತ್ತು. 1876ರ ಮಾರ್ಚ್‌ನಲ್ಲಿ ಆರಂಭವಾದ ಕಾಮಗಾರಿ ಬೇಗ ಮುಂದುವರಿದು, ಅದೇ ವರ್ಷ ನವೆಂಬರ್ 21ರಂದು ಸಂನ್ಯಾಸಿನಿಯರು ಹೊಸ ಮಠವನ್ನು ಪ್ರವೇಶಿಸಿದರು. ಮಂಗಳೂರಿನಲ್ಲಿ ಅವರು ವ್ರತಸ್ವೀಕಾರ ಮಾಡಿದ್ದೂ ಐದು ವರ್ಷಗಳ ಹಿಂದೆ ಅದೇ ದಿನ. ನಜರೇತಿನಲ್ಲಿಯೂ ಮಠವೊಂದಕ್ಕೆ ಜಾಗ ನೋಡಲು ಅವರು 1878ರಲ್ಲಿ ಪ್ರಯಾಣ ಮಾಡಿದರು.

ಆ ವರ್ಷದ ಆಗಸ್ಟ್ 22ರಂದು, ಬಿಸಿಲಿನಲ್ಲಿ ದುಡಿಯುತ್ತಿದ್ದ ಆಳುಗಳಿಗೆ ಕುಡಿಯುವ ನೀರು ಕೊಂಡೊಯ್ಯುತ್ತಿದ್ದಾಗ ಮರಿಯಮ್ ಬಿದ್ದು ತೋಳು ಮುರಿದುಕೊಂಡರು. ಗಾಯ ಕೊಳೆತು ವಿಷವೇರಿತು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 26ರಂದು ಮುಂಜಾನೆ ತೀರಿಕೊಂಡರು. ಆಗ ಅವರಿಗೆ 32 ವರ್ಷ. ದೇಹವನ್ನು ಬೇತ್ಲೆಹೇಮಿನ ಮಠದಲ್ಲಿ ಸಮಾಧಿ ಮಾಡಲಾಯಿತು. ಹೃದಯವನ್ನು ಪೋ ಮಠಕ್ಕೆ ಕಳುಹಿಸಲಾಯಿತು.

ಬೋಧನೆ

ಮರಿಯಮ್ ಗ್ರಂಥಗಳನ್ನು ಬರೆಯಲಿಲ್ಲ. ಭಾವಪರವಶತೆಯಲ್ಲಿ ಅವರು ಆಡಿದ ಮಾತುಗಳನ್ನೂ, ಹೇಳಿ ಬರೆಸಿದ ಪತ್ರಗಳನ್ನೂ ಜೊತೆಯವರು ಸಂಗ್ರಹಿಸಿದ್ದಾರೆ. ಬೆತಾರಾಮ್ ಸಭೆಯ ಪಾದ್ರಿ ಪಿಯೆರ್ ಎಸ್ತ್ರಾತ್ ಅವರ ಜೀವನಚರಿತ್ರೆಯನ್ನು ಬರೆದರು. ಮರಿಯಮ್ ಅವರ ಮಾತುಗಳಲ್ಲಿ ಮರ, ಹಕ್ಕಿ, ಹುಳು, ನೀರು, ಮಣ್ಣು ಮುಂತಾದ ಹಳ್ಳಿಯ ಬದುಕಿನ ಹೋಲಿಕೆಗಳು ತುಂಬಿವೆ.

ಆ ಬೋಧನೆಯ ಕೇಂದ್ರದಲ್ಲಿ ದೀನತೆಯಿದೆ. ನರಕದಲ್ಲಿ ಎಲ್ಲ ಸದ್ಗುಣಗಳೂ ಇರಬಹುದು, ದೀನತೆಯೊಂದು ಇರಲಾರದು. ಸ್ವರ್ಗದಲ್ಲಿ ಎಲ್ಲ ಕುಂದುಗಳೂ ಇರಬಹುದು, ಅಹಂಕಾರವೊಂದು ಇರಲಾರದು ಎಂಬ ಆಶಯ ಅವರದು. ಸಾಧಕನ ಉಳಿದ ಗೆಲುವುಗಳನ್ನೆಲ್ಲ ಅಹಂಕಾರ ಕಸಿದುಕೊಳ್ಳುತ್ತದೆಂಬ ಮರುಭೂಮಿಯ ತಪಸ್ವಿಗಳ ಎಚ್ಚರಿಕೆಯನ್ನೇ, ಅವರ ಗ್ರಂಥಗಳನ್ನು ಓದದ ಅಡುಗೆಮನೆಯ ಭಗಿನಿ ತನ್ನದೇ ಮಾತಿನಲ್ಲಿ ಹೇಳಿದ್ದಾರೆ. ಎರಡನೆಯ ಅಂಶ ಪವಿತ್ರಾತ್ಮರ ಮೇಲಿನ ಭಕ್ತಿ. ಮನಸ್ಸು ಕಲಕಿದಾಗ ಪವಿತ್ರಾತ್ಮರನ್ನು ಕರೆಯುವ ಚಿಕ್ಕ ಪ್ರಾರ್ಥನೆ ಅವರಿಂದ ಪ್ರಚಾರಕ್ಕೆ ಬಂತು. ಈ ಭಕ್ತಿಯನ್ನು ಬೆಳೆಸಬೇಕೆಂದು ಅವರು ಪೋಪ್ ಒಂಬತ್ತನೆಯ ಪಿಯುಸ್ ಅವರಿಗೂ ಮನವಿ ಕಳುಹಿಸಿದ್ದರು.

ಸಂತ ಪದವಿ ಮತ್ತು ಸ್ಮರಣೆ

ಪೋಪ್ ಎರಡನೆಯ ಜಾನ್ ಪಾಲ್ 1983ರ ನವೆಂಬರ್ 13ರಂದು ಮರಿಯಮ್ ಅವರನ್ನು ಪುನೀತೆಯೆಂದು ಘೋಷಿಸಿದರು. ಪೋಪ್ ಫ್ರಾನ್ಸಿಸ್ 2015ರ ಮೇ 17ರಂದು ರೋಮ್‌ನಲ್ಲಿ ಅವರಿಗೆ ಸಂತ ಪದವಿ ನೀಡಿದರು. ಜೆರುಸಲೇಮಿನ ಮರಿ ಅಲ್ಫೋನ್ಸಿನ್ ಘಟ್ಟಾಸ್ ಅವರಿಗೂ ಅದೇ ದಿನ ಈ ಪದವಿ ದೊರೆಯಿತು. ಆಧುನಿಕ ಕಾಲದ ಮೊದಲ ಪ್ಯಾಲೆಸ್ತೀನಿ ಸಂತರೆಂದು ಇವರಿಬ್ಬರನ್ನು ಗುರುತಿಸಲಾಗುತ್ತದೆ. ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಸಮಾರಂಭದಲ್ಲಿ ಹಾಜರಿದ್ದರು.

ಕರ್ನಾಟಕದಲ್ಲಿ ಅವರ ನೆನಪು ಎರಡು ಬಗೆಯಲ್ಲಿ ಉಳಿದಿದೆ. ಅವರು ವ್ರತಸ್ವೀಕಾರ ಮಾಡಿದ ಮಂಗಳೂರಿನ ಕಾರ್ಮೆಲ್ ಕನ್ಯಾಮಠ ಭಾರತದ ಕಾರ್ಮೆಲ್ ಸಂನ್ಯಾಸಿನಿಯರ ಮಠಗಳಿಗೆ ಮೊದಲ ನೆಲೆಯಾಯಿತು. ಅವರನ್ನು ಪೋ ಮಠಕ್ಕೆ ಕರೆತಂದ ಮದರ್ ವೆರೋನಿಕಾ ಸ್ಥಾಪಿಸಿದ ಅಪೋಸ್ತಲಿಕ ಕಾರ್ಮೆಲ್ ಸಭೆ ಮಂಗಳೂರಿನಿಂದ ಬೆಳೆದು ಹೆಣ್ಣುಮಕ್ಕಳ ಶಿಕ್ಷಣದಲ್ಲಿ ಹೆಸರು ಮಾಡಿತು. 1921ರಲ್ಲಿ ಆರಂಭವಾದ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು, 1948ರಿಂದ ಬೆಂಗಳೂರಿನಲ್ಲಿರುವ ಮೌಂಟ್ ಕಾರ್ಮೆಲ್ ಕಾಲೇಜು ಈ ಸಭೆಯ ಸಂಸ್ಥೆಗಳು. ಮದರ್ ವೆರೋನಿಕಾ 1906ರಲ್ಲಿ ಪೋದಲ್ಲಿ ನಿಧನರಾದರು. 2014ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು.

ಒಬ್ಬರಿಗೆ ಸಂತ ಪದವಿ ನೀಡಿದ ಮಾತ್ರಕ್ಕೆ ಅವರ ದರ್ಶನಗಳನ್ನೆಲ್ಲ ವಿಶ್ವಾಸಿಗಳು ನಂಬಬೇಕೆಂದು ಕಥೋಲಿಕ ಧರ್ಮಸಭೆ ವಿಧಿಸುವುದಿಲ್ಲ. ಅದರ ವಿಚಾರಣೆಯಲ್ಲಿ ಮುಖ್ಯವಾಗುವುದು ವಿಶ್ವಾಸ, ಭರವಸೆ, ಪ್ರೀತಿ, ದೀನತೆ ಮುಂತಾದ ಸದ್ಗುಣಗಳು. ಆದ್ದರಿಂದ 1872ರಲ್ಲಿ ಮಂಗಳೂರಿನಲ್ಲಿ ಎದ್ದ ಪ್ರಶ್ನೆಗೆ, ಆ ಅನುಭವಗಳು ಎಲ್ಲಿಂದ ಬಂದವೆಂಬ ಪ್ರಶ್ನೆಗೆ, 2015ರ ಘೋಷಣೆ ನೇರವಾದ ಉತ್ತರವಲ್ಲ. ಅನುಭವಗಳ ಮೂಲ ಯಾವುದೇ ಆಗಿರಲಿ, ಅವು ಬಂದಾಗಲೂ, ಇತರರು ಅವನ್ನು ನಂಬದೆ ಹೋದಾಗಲೂ ಮರಿಯಮ್ ತಮ್ಮ ಹೃದಯವನ್ನು ಹೇಗೆ ಕಾಯ್ದುಕೊಂಡರು ಎಂಬುದನ್ನೇ ಧರ್ಮಸಭೆ ಮಾದರಿಯೆಂದು ಮನ್ನಿಸಿದೆ.